ಮಟಮಟ ಮಧ್ಯಾಹ್ನ ಮುಚ್ಚಿದ್ದ ಬಾಗಿಲು

ಆ ಬೇಸಿಗೆಯಲ್ಲಿ ತಗಡಿನ ಮನೆಗಳ ಓಣಿಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರಲಿಲ್ಲ. ಹಗಲೆಲ್ಲ ಕಾದ ತಗಡು ಕತ್ತಲಾದರೂ ಆರುತ್ತಿರಲಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು, ಗೋಡೆಗೆ ಒರಗಿದರೆ ಬೆನ್ನು ಚುರ್ ಎನ್ನುತ್ತಿತ್ತು. ಜಗಳಕ್ಕಂತೂ ಕಾರಣವೇ ಬೇಕಿರಲಿಲ್ಲ.

ಓಣಿಯ ತುದಿಯಲ್ಲಿ ಒಂದು ಪ್ರಾರ್ಥನಾ ಮಂದಿರ. ದಪ್ಪ ಕಲ್ಲಿನ ಗೋಡೆ, ಎತ್ತರದ ಸೂರು, ಎಂಟು ಫ್ಯಾನು. ಒಳಗೆ ಕಾಲಿಟ್ಟರೆ ಹಾಯೆನಿಸುವಷ್ಟು ತಂಪು. ಆದರೆ ಕಾಲಿಡುವುದು ಹೇಗೆ? ಹನ್ನೆರಡರಿಂದ ಐದರವರೆಗೆ ಬಾಗಿಲಿಗೆ ಬೀಗ. ಬೀಗದ ಕೈ ಕಾವಲುಗಾರನ ಸೊಂಟದಲ್ಲಿ. ಇಪ್ಪತ್ತೆರಡು ವರ್ಷದಿಂದ ಅವನದು ಅದೇ ಕೆಲಸ. ಓಣಿಯ ಮಕ್ಕಳೆಲ್ಲ ಅವನನ್ನು ಬೀಗದ ಮಾಮ ಎಂದೇ ಕರೆಯುತ್ತಿದ್ದರು. ಒಂದು ನೊಣವನ್ನೂ ಒಳಗೆ ಉಳಿಸದೆ ಹೊರಗಟ್ಟಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಮನೆಗೆ ಹೋಗಿ ಉಂಡು ಮಲಗುವ ಆಸಾಮಿ.

ಆ ವಾರ ಮಂದಿರದ ಗುರುಗಳು ಒಂದು ಮಾತು ಹೇಳಿದ್ದರು. ಹವಾಮಾನ ಬದಲಾವಣೆಗೆಂದು ಸರ್ಕಾರ ಮಾಡಿರುವ ಯೋಜನೆಯ ಬಗ್ಗೆ ಸಾರ್ವಜನಿಕ ಸಭೆ ಇದೆ. ಊರಿನ ಮೂರು ಧರ್ಮದ ಗುರುಗಳೂ ಒಟ್ಟಿಗೆ ಹೋಗಿ ಪ್ರಶ್ನೆ ಕೇಳುತ್ತೇವೆ ಎಂದು. ಬೀಗದ ಮಾಮನಿಗೆ ಇದು ಸರಿಬರಲಿಲ್ಲ. ಮನೆಮನೆ ಸುತ್ತಿ ದಣಿದು ಮಂದಿರದ ಮೆಟ್ಟಿಲ ಮೇಲೆ ಕೂತಿದ್ದ ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ತಿರ ತೋಡಿಕೊಂಡ.

"ಗುರುಗಳು ಪ್ರಾರ್ಥನೆ ಮಾಡಿಸ್ಬೇಕು. ಹವಾಮಾನದ ಉಸಾಬರಿ ಅವರಿಗ್ಯಾಕೆ ನರ್ಸಮ್ಮ? ಸರ್ಕಾರದವರಿಗೆ ಸಿಟ್ಟು ಬಂದು ಮಂದಿರದ ನೀರು ನಿಲ್ಲಿಸಿದ್ರೆ?"

"ಸಾವಾದ ಮನೆಯವರು ಮೊದಲು ಯಾರನ್ನ ಕರೀತಾರೆ ಹೇಳಿ. ಗುರುಗಳನ್ನೇ ತಾನೆ? ಹೋದ ಬೇಸಿಗೇಲಿ ಆ ಮೂವರೂ ಎಷ್ಟು ಮನೆಗೆ ಹೋಗಿ ಬಂದ್ರು ಅಂತ ಕೇಳಿ ನೋಡಿ. ಅವರು ಕೇಳ್ದೆ ಇನ್ಯಾರು ಕೇಳ್ಬೇಕು?"

"ಬಿಸಿಲು ಯಾವ ಕಾಲದಲ್ಲಿ ಇರ್ಲಿಲ್ಲ?"

"ಇತ್ತು. ಆದ್ರೆ ಇಷ್ಟು ದಿನ ಬಿಡದೆ ಕಾಯ್ತಿರ್ಲಿಲ್ಲ, ರಾತ್ರಿ ಒಂಚೂರಾದ್ರೂ ಆರ್ತಿತ್ತು. ಈಗ ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗಾಗಿದೆ. ಕಾವು ಹೊರಗೆ ಹೋಗಲ್ಲ. ಮೈಗೆ ಸುಧಾರಿಸ್ಕೊಳ್ಳೋಕೆ ಹೊತ್ತೇ ಸಿಗಲ್ಲ. ಸರ್ಕಾರ ಇದಕ್ಕೆ ಯೋಜನೆ ಮಾಡಿದೀವಿ ಅನ್ನುತ್ತೆ. ಮಾಡಿದ್ದು ಎಲ್ಲಿದೆ ತೋರ್ಸಿ ಅಂತ ಗುರುಗಳು ಕೇಳ್ತಾರೆ, ಅಷ್ಟೇ."

"ನಿಮ್ಮ ಹತ್ರ ಮಾತಾಡಿ ಗೆಲ್ಲೋರು ಯಾರು ತಾಯಿ!" ಎನ್ನುತ್ತ ಮಾಮ ಬೀಗ ಜಗ್ಗಿ ನೋಡಿ ಹೊರಟ.

ಉಂಡು ಕಣ್ಣು ಮುಚ್ಚಿದ್ದನೋ ಇಲ್ಲವೋ, ಯಾರೋ ಬಾಗಿಲು ಬಡಿದರು. ತರಕಾರಿಯವಳು ಏದುಸಿರು ಬಿಡುತ್ತಿದ್ದಳು.

"ಮಾಮಾ, ಓಡಿ ಬನ್ನಿ! ನಿಮ್ಮಕ್ಕ ಮಂದಿರದ ಬಾಗಿಲಲ್ಲಿ ಬಿದ್ದಿದಾರೆ!"

ಆ ಅಕ್ಕ ಬರೀ ಅಕ್ಕನಲ್ಲ. ತಾಯಿ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಸಾಕಿದವಳು. ಈಗಲೂ ಅದೇ ಓಣಿಯ ತಗಡಿನ ಸೂರಿನಡಿ ಕೂತು ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಮಾಮ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಅಕ್ಕನ ಮುಖ ಕೆಂಪಗಾಗಿತ್ತು. ಹಣೆ ಮುಟ್ಟಿದರೆ ಕಾದ ಹೆಂಚು. ಒಂದು ಹನಿ ಬೆವರಿಲ್ಲ. "ಅಮ್ಮ ಬಂದ್ಲೇನೋ?" ಎಂದು ತೊದಲಿದಳು. ಅಮ್ಮ ಸತ್ತು ನಲವತ್ತು ವರ್ಷವಾಗಿತ್ತು.

ಅಷ್ಟರಲ್ಲಿ, ಪಕ್ಕದ ಓಣಿಗೆ ಹೋಗಿದ್ದ ನರ್ಸಮ್ಮ ಓಡಿ ಬಂದರು. "ಬಿಸಿಲು ತಲೆಗೇರಿದೆ. ಮೊದಲು ಬಾಗಿಲು ತೆಗೀರಿ!"

ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿಕೊಂಡು ತೆಗೆದ ಬೀಗ ಅವತ್ತು ಕೈಗೆ ಬಗ್ಗಲಿಲ್ಲ. ಬೀಗದ ಕೈ ಎರಡು ಸಲ ಜಾರಿ ಬಿತ್ತು. ಕೊನೆಗೂ ತೆಗೆದು, ಅಕ್ಕನನ್ನು ಎತ್ತಿ ಫ್ಯಾನಿನ ಕೆಳಗೆ ಮಲಗಿಸಿದರು. ನರ್ಸಮ್ಮ ಬಟ್ಟೆ ಸಡಿಲಿಸಿ ಕುತ್ತಿಗೆಗೆ, ಕಂಕುಳಿಗೆ, ತೊಡೆಯ ಸಂದಿಗೆ ಒದ್ದೆ ಬಟ್ಟೆ ಇಟ್ಟರು.

"ನೀರು ಕುಡಿಸ್ಲಾ?"

"ಬೇಡ! ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಿದ್ರೆ ಉಸಿರಿಗೆ ಸಿಕ್ಕೊಳ್ಳುತ್ತೆ. ಆಂಬುಲೆನ್ಸಿಗೆ ಫೋನ್ ಮಾಡಿ. ಅದು ಬರೋವರೆಗೂ ಮೈ ಒದ್ದೆ ಮಾಡ್ತಾ ಗಾಳಿ ಹಾಕ್ತಾ ಇರಿ."

ಆಂಬುಲೆನ್ಸಿಗೆ ಎತ್ತುವಾಗ ಅಕ್ಕನ ಮುಷ್ಟಿಯಿಂದ ಒಂದು ಕಾಗದ ಜಾರಿತು. ಅಂದು ಬೆಳಗ್ಗೆ ಯಾರೋ ಮನೆಮನೆಗೆ ಎಸೆದು ಹೋಗಿದ್ದ ಸರ್ಕಾರದ ಕರಪತ್ರ. ನರ್ಸಮ್ಮ ಬಿಡಿಸಿ ಓದಿದರು. 'ಬಿಸಿಲಿನಿಂದ ತೊಂದರೆಯಾದರೆ ಹತ್ತಿರದ ತಂಪು ತಾಣಕ್ಕೆ ಹೋಗಿ.' ಕೆಳಗೆ ನಲವತ್ತು ಜಾಗಗಳ ಪಟ್ಟಿ. ಹನ್ನೊಂದನೆಯದು ಇದೇ ಮಂದಿರ! 'ಹನ್ನೊಂದರಿಂದ ಐದರವರೆಗೆ ತೆರೆದಿರುತ್ತದೆ. ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಲಭ್ಯ.'

ಸುದ್ದಿ ತಿಳಿದು ಓಡಿ ಬಂದ ಗುರುಗಳು ಅದನ್ನು ಓದಿ ಮೆಟ್ಟಿಲ ಮೇಲೆ ಕೂತರು. "ನಮ್ಮ ಮಂದಿರ ಅಂತ ಬರ್ದಿದಾರೆ. ನನಗೇ ಗೊತ್ತಿಲ್ವಲ್ಲಪ್ಪಾ!"

ಮರುದಿನ ಆಸ್ಪತ್ರೆಯಲ್ಲಿ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ಮಾಮ ಗೊಳೋ ಎಂದು ಅತ್ತುಬಿಟ್ಟ.

"ಮಧ್ಯಾಹ್ನ ಬೀಗ ಇರುತ್ತೆ ಅಂತ ಗೊತ್ತಿದ್ದೂ ಯಾಕಕ್ಕಾ ಅಲ್ಲಿಗೆ ಹೋದೆ?"

"ಅಚ್ಚು ಹಾಕ್ಸಿದಾರಲ್ಲೋ, ಸುಳ್ಳಿರುತ್ತಾ? ನೀನು ಬಾಗಿಲು ತೆಗ್ದು ಕೂತಿರ್ತೀಯ ಅಂದ್ಕೊಂಡೇ ಬಂದೆ."

ಮಾಮ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡ.

ಸಭೆಯ ದಿನ ಮಾಮನೂ ನರ್ಸಮ್ಮನೂ ಗುರುಗಳ ಹಿಂದೆ ಹೋದರು. ಮೂವರು ಗುರುಗಳೂ ಮುಂದಿನ ಸಾಲಿನಲ್ಲಿದ್ದರು. ಮಂದಿರದ ಗುರುಗಳು ಎದ್ದು ಕೇಳಿದರು: "ನಮ್ಮನ್ನ ಒಂದು ಮಾತು ಕೇಳ್ದೆ ನಮ್ಮ ಮಂದಿರವನ್ನ ಪಟ್ಟಿಗೆ ಹೇಗೆ ಸೇರಿಸಿದ್ರಿ? ಅಲ್ಲಿಗೆ ನೀರು ಕಳ್ಸಿದ್ರಾ? ಔಷಧಿ ಕಳ್ಸಿದ್ರಾ? ನಿಮ್ಮ ಕಾಗದ ನಂಬಿ ಬಂದ ಹೆಣ್ಣುಮಗಳು ನಮ್ಮ ಬಾಗಿಲಲ್ಲಿ ಸಾಯೋದ್ರಲ್ಲಿದ್ಲು."

ಅಧಿಕಾರಿ ಗಾಬರಿಯಾಗಲಿಲ್ಲ. ಕಡತದಿಂದ ಒಂದು ಹಾಳೆ ಎತ್ತಿ ತೋರಿಸಿ ನಕ್ಕರು. "ಕೇಳಿದೀವಲ್ಲ ಗುರುಗಳೇ! ಮೂರು ವರ್ಷದ ಹಿಂದೆ ನಿಮ್ಮವರೇ ಒಪ್ಪಿ ಸಹಿ ಹಾಕಿದಾರೆ, ನೋಡಿ."

ಗುರುಗಳು ಹಾಳೆ ನೋಡಿದರು. ಗೀಚಿದ ಸಹಿ, ಯಾರದೆಂದು ತಿಳಿಯಲಿಲ್ಲ. ಸಭೆಯಲ್ಲಿ ಗುಸುಗುಸು ಶುರುವಾಯಿತು. ಮಾಮ ಅವರ ಹೆಗಲ ಮೇಲಿಂದ ಇಣುಕಿದ. ಆ ಉದ್ದ ಬಾಲದ ಸಹಿ ಅವನದೇ! ಥಟ್ಟನೆ ನೆನಪಾಯಿತು. ಕಡತ ಹಿಡಿದು ಬಂದವನೊಬ್ಬ "ಸಾರ್, ಎಷ್ಟು ಫ್ಯಾನಿದೆ? ನಲ್ಲಿ ಇದೆಯಾ? ಇಲ್ಲೊಂದು ಸಹಿ ಹಾಕಿ" ಎಂದಿದ್ದ. ಜೀವಮಾನದಲ್ಲಿ ಯಾರಿಂದಲೂ 'ಸಾರ್' ಎನಿಸಿಕೊಂಡಿರದ ಮಾಮ ಉಬ್ಬಿಹೋಗಿ, ಓದದೆ ಸಹಿ ಹಾಕಿ, ಹೆಂಡತಿಯ ಮುಂದೆ ಒಂದು ವಾರ ಕೊಚ್ಚಿಕೊಂಡಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಅಕ್ಕನ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮಾಮ ಕೈ ಎತ್ತಿದ.

"ಆ ಸಹಿ ನಂದು ಸ್ವಾಮಿ. ಓದ್ದೆ ಹಾಕ್ದೆ. ಗುರುಗಳಿಗೂ ಹೇಳ್ಲಿಲ್ಲ. ನಮ್ಮಕ್ಕ ಬಂದಾಗ ಬೀಗ ಹಾಕಿದ್ದೋನೂ ನಾನೇ. ತಪ್ಪು ನಂದು." ಅಧಿಕಾರಿಯತ್ತ ತಿರುಗಿದ. "ಆದ್ರೆ ನೀವು ಹೇಳಿ. ಸಹಿ ತಗೊಂಡು ಹೋದೋರು ಮೂರು ವರ್ಷದಲ್ಲಿ ಒಂದೇ ಒಂದು ಸಲ ಬಂದು ಆ ಬಾಗಿಲು ತಟ್ಟಿದ್ರಾ?"

ಅಧಿಕಾರಿಯ ನಗು ಮಾಯವಾಯಿತು. ಮೂವರು ಗುರುಗಳಲ್ಲಿ ಒಬ್ಬರಾದ, ಸೇತುವೆಯಾಚೆಯ ಆಶ್ರಮದ ಗುರುಮಾತೆ ಗಡಿಯಾರ ನೋಡಿದರು. "ಇನ್ನೂ ಮೂವತ್ತೊಂಬತ್ತು ಜಾಗ ಇವೆ. ಈಗ ಒಂದೂವರೆ. ಏಳಿ, ನೋಡ್ಕೊಂಡು ಬರೋಣ."

ಏಳದೆ ವಿಧಿಯಿರಲಿಲ್ಲ. ಇಡೀ ಸಭೆ ಬಿಸಿಲಿಗಿಳಿಯಿತು. ಮೊದಲನೆಯ ಜಾಗಕ್ಕೆ ತುಕ್ಕು ಹಿಡಿದ ಬೀಗ. ಎರಡನೆಯದು ರಸ್ತೆ ಅಗಲ ಮಾಡುವಾಗ ಎಂದೋ ಕೆಡವಿದ ಕಟ್ಟಡ. ಅದರ ಪಕ್ಕದ ಮರಗಳನ್ನೂ ಕಡಿದಿದ್ದರು. ಮೂರನೆಯದು ತೆರೆದಿತ್ತು, ಒಳಗೆ ಸಿಮೆಂಟ್ ಚೀಲಗಳಿದ್ದವು. ಅಷ್ಟರಲ್ಲಿ ಅಧಿಕಾರಿಗೇ ಕಣ್ಣು ಕತ್ತಲೆ ಬಂತು. "ಸ್ವಲ್ಪ ನೀರು..." ಎಂದರು. ಅವರದೇ ತಂಪು ತಾಣದಲ್ಲಿ ಒಂದು ಲೋಟ ನೀರಿರಲಿಲ್ಲ. ನರ್ಸಮ್ಮ ತಮ್ಮ ಬಾಟಲಿ ಕೊಟ್ಟರು. ಯಾರೂ ನಗಲಿಲ್ಲ.

ಪಟ್ಟಿಯ ಜಾಗಗಳನ್ನು ಮಧ್ಯಾಹ್ನ ತೆರೆದಿಟ್ಟು ನೀರು, ಔಷಧಿ ಒದಗಿಸಬೇಕೆಂದು ಅಧಿಕಾರಿ ಅಲ್ಲೇ ಕೂತು ಹೊಸ ಆದೇಶ ಬರೆದರು. ಈ ಸಲ ಗುರುಗಳು ಮೂರು ಸಲ ಓದಿದರು. "ಪ್ರತಿ ತಿಂಗಳೂ ಬಂದು ಕೇಳ್ತೀವಿ," ಎಂದರು. "ಕಡಿದ ಮರ, ಕಾರ್ಖಾನೆ ಹೊಗೆ, ಎಲ್ಲದರ ಲೆಕ್ಕಾನೂ ಕೇಳ್ತೀವಿ."

ಮಾಮನ ಕೆಲಸ ಹೋಗಲಿಲ್ಲ, ಹೆಚ್ಚಾಯಿತು. ಈಗ ಮಧ್ಯಾಹ್ನವಿಡೀ ಮಂದಿರದ ಬಾಗಿಲು ತೆರೆದಿರುತ್ತದೆ. ಒಳಗೆ ಮಡಕೆ ತುಂಬ ನೀರು, ಬಾಣಂತಿಯರು, ಮುದುಕರು, ಇಟ್ಟಿಗೆ ಹೊರುವವರು. ಮೂಲೆಯಲ್ಲಿ ಅಕ್ಕನ ಹೊಲಿಗೆ ಯಂತ್ರ. ತಮ್ಮ ಕೂತಲ್ಲೇ ತೂಕಡಿಸಿದರೆ ಅವಳು "ಏಯ್, ಬಾಗಿಲು ನೋಡೋ!" ಎಂದು ಗದರುತ್ತಾಳೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನ ಯೋಜನೆಯಲ್ಲೂ ಇಂಥದೊಂದು ಪಟ್ಟಿ ಇರಬಹುದು. ಕಚೇರಿಗೆ ಹೋಗಿ ಕೇಳಿ ಪಡೆಯಿರಿ. ನಿಮ್ಮ ಗುರುಗಳಿಗೂ ತೋರಿಸಿ. ಅವರು ಕೇಳಿದರೆ ಊರೇ ಕೇಳಿದಂತೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಾಳೆ ಮಧ್ಯಾಹ್ನ, ತಲೆಗೆ ಬಟ್ಟೆ ಹೊದ್ದು, ಕೈಯಲ್ಲಿ ನೀರು ಹಿಡಿದು, ನಿಮ್ಮ ಹತ್ತಿರದ ತಂಪು ತಾಣಕ್ಕೆ ಹೋಗಿ ಬಾಗಿಲು ತಟ್ಟಿ ನೋಡಿ. ನಿಮ್ಮಕ್ಕ ಅಲ್ಲಿಗೆ ಓಡಿ ಬರುವ ಮೊದಲೇ ಅದು ತೆರೆದಿರಲಿ.