ಮೂವತ್ತು ದಿನದ ಕೋಣೆ

ಅಪ್ಪ ಅಮ್ಮ ದುಡಿಯಲೆಂದು ಪರದೇಶಕ್ಕೆ ಹೋದಾಗ ಮಗಳಿಗೆ ಏಳು ವರ್ಷ. ಈಗ ಮೂವತ್ತೊಂದು. ಅವಳು ಬೆಳೆದದ್ದೆಲ್ಲ ದೊಡ್ಡಮ್ಮನ ಮನೆಯಲ್ಲಿ. ಅಪ್ಪ ಅಮ್ಮನನ್ನು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಅವರಿರುವಲ್ಲಿಗೇ ಹೋಗಿ, ವೀಸಾ ಕೊಟ್ಟಷ್ಟು ದಿನ. ಅಂದರೆ ಸರಿಯಾಗಿ ಮೂವತ್ತು ದಿನ. "ಎಲ್ಲರ ಮನೇಲೂ ಹೆತ್ತವರು ಮಕ್ಕಳನ್ನ ನೋಡೋಕೆ ವಿಮಾನ ಹತ್ತುತ್ತಾರೆ, ನಿಮ್ದು ಉಲ್ಟಾ" ಎಂದು ದೊಡ್ಡಮ್ಮ ಹಂಗಿಸುತ್ತಿದ್ದಳು.

ಆ ಮೂವತ್ತು ದಿನವೂ ಬೀಗರ ಉಪಚಾರ. ಅಪ್ಪ ಲಿಫ್ಟ್ ರಿಪೇರಿಯವನು. ವರ್ಷವಿಡೀ ಗ್ರೀಸು ಮೆತ್ತಿಕೊಂಡು ಓಡಾಡುವವನು ವಿಮಾನ ನಿಲ್ದಾಣಕ್ಕೆ ಮಾತ್ರ ಗರಿಗರಿ ಅಂಗಿ ತೊಟ್ಟು ಬರುತ್ತಿದ್ದ. ಅಮ್ಮ ಕೆಳಗಿನ ಲಾಂಡ್ರಿಗೆ ಬಂದ ಬಟ್ಟೆಗಳನ್ನು ಮನೆಯಲ್ಲೇ ಕೂತು ಬಿಗಿ ಸಡಿಲ ಮಾಡಿಕೊಡುವ ದರ್ಜಿ. ಮಗಳು ಬಂದಳೆಂದರೆ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿಬಿಡುತ್ತಿದ್ದಳು. ಕುಡಿದ ಲೋಟ ತೊಳೆಯಹೋದರೂ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ಇದೆಲ್ಲಕ್ಕಿಂತ ಹೆಚ್ಚು, ಮಗಳ ಕೋಣೆ. ಬಣ್ಣ ಮಾಸಿದ ಗ್ಲೋಬು, ಕಿವಿ ಮುರಿದ ಮಣ್ಣಿನ ಆನೆ, ಕಿಟಕಿಗೆ ಮುಖ ಮಾಡಿದ ಮೇಜು, ಎಲ್ಲ ಬಿಟ್ಟುಹೋದಲ್ಲೇ ಇರುತ್ತಿದ್ದವು. ಎಂಟು ವರ್ಷದ ಹಿಂದೆ ಅವಳೊಂದು ಪತ್ತೇದಾರಿ ಕಾದಂಬರಿಯನ್ನು ಅರ್ಧ ಓದಿ, ನೂರಾ ಹನ್ನೆರಡನೇ ಪುಟಕ್ಕೆ ತಲೆಪಿನ್ನು ಸಿಕ್ಕಿಸಿ ಹೋಗಿದ್ದಳು. ಮರುವರ್ಷ ಬಂದಾಗಲೂ ಪಿನ್ನು ಅಲ್ಲೇ. ಆಮೇಲೆ ಅವಳು ಬೇಕೆಂದೇ ಅದನ್ನು ಓದಿ ಮುಗಿಸಲಿಲ್ಲ. "ನಮ್ಮಮ್ಮ ಒಂದು ಪಿನ್ನನ್ನೂ ಕದಲಿಸಿಲ್ಲ" ಎಂದು ಕೆಲಸದ ಕಡೆ ಹತ್ತು ಜನಕ್ಕೆ ಹೇಳಿಕೊಂಡು ತಿರುಗಿದ್ದಳು.

ಕೆಲಸವೆಂದರೆ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಕೃತಕ ಹಲ್ಲು ಮಾಡುವುದು. ಈ ವರ್ಷ ಅಪ್ಪ ಅಮ್ಮ ಇರುವ ಊರಿನ ಲ್ಯಾಬೊಂದು ಅವಳನ್ನು ಕರೆದಿತ್ತು. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲವೇ ಊಹೂಂ. ಮೂವತ್ತು ದಿನದ ಮಗಳಾಗಿ ಅವಳಿಗೂ ಸಾಕಾಗಿತ್ತು. ಇನ್ನು ಆ ಕೋಣೆಯಲ್ಲೇ ಇದ್ದುಬಿಡುವುದು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದು, ಭಾನುವಾರ ಬರುತ್ತೇನೆಂದವಳು ಗುರುವಾರವೇ ಬಂದಿಳಿದಳು. ತಾನೇ ಬಸ್ಸು ಹಿಡಿದು, ಬೆಳಿಗ್ಗೆ ಹನ್ನೊಂದಕ್ಕೆ ಮನೆಯ ಗಂಟೆ ಒತ್ತಿದಳು.

ಬಾಗಿಲು ತೆರೆದವಳು ಅಮ್ಮನಲ್ಲ. ತಲೆಗೆ ಟವೆಲ್ ಸುತ್ತಿಕೊಂಡ, ಹೆಚ್ಚುಕಡಿಮೆ ಮಗಳ ವಯಸ್ಸಿನದೇ ಒಬ್ಬ ಹೆಂಗಸು. ಒಳಗೆ ಮೆಷಿನ್ನು ಗಡಗಡ ಅನ್ನುತ್ತಿತ್ತು.

"ಯಾರೇ ಅದು? ಪಾರ್ಸೆಲ್ ಆದ್ರೆ ಸೈನ್ ಹಾಕಿ ಇಸ್ಕೊಳ್ಳೇ" ಎಂದು ಅಮ್ಮನ ದನಿ ಕೇಳಿಸಿತು. ಮಗಳನ್ನು ಅಮ್ಮ ಮಾತಾಡಿಸುತ್ತಿದ್ದದ್ದು 'ಬಾಮ್ಮ', 'ಕೂತ್ಕೋಮ್ಮ' ಎಂದೇ. ಇಷ್ಟು ಸಲೀಸಾಗಿ ಅವಳಿಗೆ ಒಂದು ಕೆಲಸ ಹೇಳಿದ್ದೇ ಇಲ್ಲ.

"ನೀವು ಭಾನುವಾರ ಅಲ್ವಾ ಬರ್ಬೇಕಿತ್ತು?" ಎಂದಳು ಬಾಗಿಲಲ್ಲಿದ್ದವಳು.

ಅಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಬಂದವಳು ಗರ ಬಡಿದಂತೆ ನಿಂತಳು. ಆಮೇಲೆ ತುಂಡುತುಂಡಾಗಿ ವಿಷಯ ಹೊರಬಿತ್ತು. ಆ ಹೆಂಗಸು ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ನಮ್ಮ ಕಡೆಯವಳೇ, ಹಿಂದೆ ಮುಂದೆ ಯಾರಿಲ್ಲದವಳು. ಒಂಬತ್ತು ವರ್ಷದಿಂದ ಮಗಳ ಕೋಣೆಯಲ್ಲಿ ಬಾಡಿಗೆಗಿದ್ದಾಳೆ.

ಮಗಳು ಹೋಗಿ ನೋಡಿದಳು. ಮೇಜು ಗೋಡೆಗೆ ಒತ್ತಿಕೊಂಡಿತ್ತು. ಹಗ್ಗದ ಮೇಲೆ ಕಾಲುಚೀಲ ಒಣಗುತ್ತಿದ್ದವು. ಗ್ಲೋಬಿಲ್ಲ, ಆನೆಯಿಲ್ಲ.

"ಅರ್ಧ ಗಂಟೆ ಕೊಡಿ" ಎಂದು ಇಸ್ತ್ರಿಯವಳು ಸ್ಟೂಲು ಹತ್ತಿ ಅಟ್ಟದಿಂದ ಎರಡು ರಟ್ಟಿನ ಪೆಟ್ಟಿಗೆ ಇಳಿಸಿದಳು. ಫೋನನ್ನು ಗೋಡೆಗೆ ಆನಿಸಿಟ್ಟು, ಅದರಲ್ಲಿದ್ದ ಒಂದು ಫೋಟೋ ನೋಡಿಕೊಂಡು ಸಾಮಾನು ಜೋಡಿಸತೊಡಗಿದಳು. "ಪ್ರತಿ ವರ್ಷ ನೀವು ಹೊರಟ ದಿನವೇ ಒಂದು ಫೋಟೋ ತೆಗೆದಿಟ್ಕೋತೀನಿ. ಇಲ್ಲಾಂದ್ರೆ ಆನೆ ಮುಖ ಯಾವ ಕಡೆಗಿತ್ತು ಅನ್ನೋದೇ ಮರೆತುಹೋಗುತ್ತೆ."

ಕೊನೆಗೆ ಕಾದಂಬರಿ ಹೊರಬಂತು. ಪಿನ್ನು ನೂರಾ ಹನ್ನೆರಡರಲ್ಲೇ ಇತ್ತು.

"ಇದನ್ನ ಓದಿದೀರಾ?" ಎಂದಳು ಮಗಳು.

"ಮೂರು ಸಲ. ಪಿನ್ನು ಮಾತ್ರ ತಿರುಗಿ ಅಲ್ಲೇ ಸಿಕ್ಕಿಸಿಟ್ಟಿದೀನಿ."

"ನಾನಿರೋ ಒಂದು ತಿಂಗಳು ನೀವೆಲ್ಲಿ ಮಲಗ್ತೀರಿ?"

"ಅಂಗಡೀಲೇ, ಇಸ್ತ್ರಿ ಮೇಜಿನ ಪಕ್ಕ. ಬೆಚ್ಚಗಿರುತ್ತೆ."

ಮಗಳಿಗೆ ಕೋಪ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಅದಕ್ಕೆ ಅವಳಿಗೇ ನಾಚಿಕೆಯೂ ಆಯಿತು.

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪನ ಕಥೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾರೂ ಏನೂ ಕೇಳುವ ಮೊದಲೇ, "ಖರ್ಚು ಜಾಸ್ತಿ ನೋಡು, ಬಾಡಿಗೆ ಬಂದ್ರೆ ಒಂದು ಅನುಕೂಲ ಅಂತ…" ಎಂದು ಶುರುಮಾಡಿದ.

"ಸುಮ್ನಿರ್ರೀ. ಬಾಡಿಗೆ ಬರೀ ನೆಪ" ಎಂದು ಅಮ್ಮ ಅವನ ಬಾಯಿ ಮುಚ್ಚಿಸಿದಳು. ಆಮೇಲೆ ಮಗಳ ಕಡೆ ನೋಡದೆ ಹೇಳಿದಳು: "ನೀನು ಹೋದ್ಮೇಲೆ ಆ ಬಾಗಿಲ ಮುಂದೆ ಓಡಾಡೋಕೆ ನನ್ನ ಕೈಲಿ ಆಗ್ತಿರಲಿಲ್ಲಮ್ಮ. ಹನ್ನೊಂದು ತಿಂಗಳು ಹಾಗೇ ಮುಚ್ಚಿರೋದು. ಒಳಗೆ ಯಾರಾದ್ರೂ ಒಬ್ರು ಲೈಟ್ ಹಾಕ್ಲಿ, ಕೆಮ್ಮಲಿ ಅನ್ನಿಸ್ತಿತ್ತು."

"ನಂಗೆ ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ನಿನ್ನ ಮಂಚದ ಮೇಲೆ ಇನ್ನೊಬ್ಬಳನ್ನ ಮಲಗಿಸ್ಕೊಂಡಿದೀನಿ ಅಂತಾನಾ?"

ಅನ್ನ ತಟ್ಟೆಯಲ್ಲೇ ಆರಿತು. ಮಗಳು ಕೆಲಸದ ಸುದ್ದಿ ಎತ್ತಲಿಲ್ಲ. ಸಂಜೆಗೆ ಇಸ್ತ್ರಿಯವಳು ಬ್ಯಾಗು ಹಿಡಿದು ಕೆಳಗಿಳಿದಳು, ಮೆಷಿನ್ನಿನ ಮೇಲೆ ಮುಸುಕು ಬಿತ್ತು, ಅಪ್ಪ ಗರಿಗರಿ ಅಂಗಿ ಹುಡುಕಿ ತೊಟ್ಟ. ಎಲ್ಲವೂ ಪ್ರತಿ ವರ್ಷದಂತೆ ಅಚ್ಚುಕಟ್ಟಾಯಿತು. ಅಳತೆ ತಪ್ಪಿದ ಹಲ್ಲು ನೋಡಲು ಎಷ್ಟೇ ಚೆಂದವಿದ್ದರೂ ಬಾಯಲ್ಲಿ ನಿಲ್ಲದು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಭಾನುವಾರ ಬೆಳಿಗ್ಗೆ ಚಹಾ ಕುಡಿದ ಲೋಟ ಹಿಡಿದು ಸಿಂಕಿನ ಕಡೆ ಹೋದಳು. ಅಮ್ಮ ಓಡಿಬಂದು ಕಿತ್ತುಕೊಂಡಳು. "ಬಿಡಮ್ಮ, ನೀನಿರೋದೇ ನಾಲ್ಕು ದಿನ."

ಮಗಳು ಚಪ್ಪಲಿ ಮೆಟ್ಟಿಕೊಂಡು ಲಾಂಡ್ರಿಗೆ ಇಳಿದಳು. ಇಸ್ತ್ರಿಯವಳು ಯಾರದೋ ಪ್ಯಾಂಟಿನ ಗೆರೆ ಕೂರಿಸುತ್ತಿದ್ದಳು.

"ಇಲ್ಲೇ ಹತ್ತಿರದಲ್ಲಿ ನನಗೊಂದು ಕೋಣೆ ಬಾಡಿಗೆಗೆ ಸಿಗುತ್ತಾ?"

"ನಿಮ್ಮ ಕೋಣೆ ಇದೆಯಲ್ಲ" ಎಂದು ಅವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. "ನಾನು ಬಿಟ್ಟುಕೊಡ್ತೀನಿ. ಒಂದು ಮಾತು ಹೇಳಿ ಸಾಕು."

"ಅದು ನಿಮ್ದು. ಅಲ್ಲಿದ್ರೆ ಅಮ್ಮ ನನ್ನನ್ನ ನೆಂಟಳಾಗೇ ಇಟ್ಕೋತಾಳೆ. ನಂಗೆ ಆ ಮನೆಗೆ ಹೇಳದೆ ಕೇಳದೆ ಬರೋ ಹಾಗಿರಬೇಕು."

ಸೋಮವಾರ ಲ್ಯಾಬಿಗೆ ಹೂಂ ಅಂದಳು. ವಿಷಯ ಕೇಳಿ ಅಮ್ಮ ಮೊದಲು ಕುಣಿದಾಡಿದಳು, ಆಮೇಲೆ ರೇಗಿದಳು. "ಹೆತ್ತವರ ಮನೆ ಇಟ್ಕೊಂಡು ಬಾಡಿಗೆ ಕೋಣೆನಾ? ನೋಡಿದೋರು ಏನಂದಾರು?" ಎರಡು ದಿನ ಮಾತು ಬಿಟ್ಟಳು. ಮಗಳು ಪಟ್ಟು ಸಡಿಲಿಸಲಿಲ್ಲ. ಹಟದಲ್ಲಿ ಅವಳು ಅಮ್ಮನ ಮಗಳೇ. ಕಾಗದಪತ್ರಗಳಿಗಾಗಿ ವಾಪಸು ಹೋದಳು, ಎರಡು ತಿಂಗಳಿಗೆ ತಿರುಗಿ ಬಂದಳು. ವಿಮಾನ ನಿಲ್ದಾಣಕ್ಕೆ ಯಾರೂ ಬರಕೂಡದೆಂದು ಮೊದಲೇ ತಾಕೀತು ಮಾಡಿದ್ದಳು. ಎರಡು ಬೀದಿ ಆಚೆ, ಇಸ್ತ್ರಿಯವಳು ಗೊತ್ತುಮಾಡಿಟ್ಟಿದ್ದ ಕೋಣೆಗೆ ನೆಟ್ಟಗೆ ಹೋಗಿ ಬ್ಯಾಗು ಇಳಿಸಿದಳು.

ಅಲ್ಲಿಂದ ದಿನಾ ಹೋಗತೊಡಗಿದಳು, ಕೆಲವೊಮ್ಮೆ ದಿನಕ್ಕೆರಡು ಸಲ. ಹೋದಾಗಲೆಲ್ಲ ಅಮ್ಮ ದಡಬಡಿಸಿ ಏಳುವುದು, ಕುರ್ಚಿ ಒರೆಸುವುದು, ಮೆಷಿನ್ನಿಗೆ ಮುಸುಕು ಎಳೆಯುವುದು. ಬೇಡವೆಂದರೆ ಕೇಳುವವಳಲ್ಲ. ಇದು ಹುಟ್ಟುಗುಣ, ಸುಟ್ಟರೂ ಹೋಗದು ಎಂದು ಮಗಳು ಬೇಸರದಿಂದ ಕೈಚೆಲ್ಲಿದಳು. ಆದರೂ ಹೋಗುವುದನ್ನು ಬಿಡಲಿಲ್ಲ.

ಮೂರನೇ ತಿಂಗಳ ಒಂದು ಸಂಜೆ ಬಾಗಿಲು ತೆರೆದೇ ಇತ್ತು. ಅಮ್ಮ ಯಾರದೋ ಕೋಟಿನ ತೋಳಿನ ಮೇಲೆ ಬಗ್ಗಿ ಕೂತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಯೇನೇ? ಆ ಲೈಟ್ ಹಾಕು, ಸೂಜಿ ಕಾಣ್ತಿಲ್ಲ. ಸಿಂಕಲ್ಲಿ ಪಾತ್ರೆ ಬಿದ್ದಿದಾವೆ ನೋಡು."

ಮಗಳು ಲೈಟು ಹಾಕಿದಳು. ತೋಳು ಮಡಚಿ ಸಿಂಕಿನ ಮುಂದೆ ನಿಂತು, ಎಲ್ಲಕ್ಕಿಂತ ಮೊದಲು ಒಂದು ಲೋಟ ತೊಳೆದಳು. ಅಮ್ಮ ಎದ್ದುಬಂದಾಳೇನೋ ಎಂದು ಒಮ್ಮೆ ತಿರುಗಿ ನೋಡಿದಳು. ಮೆಷಿನ್ನು ನಿಲ್ಲಲಿಲ್ಲ.