ರೈನೊನ ಪಾಲಿನ ಒಂದು ಹಿಡಿ

ಮೂತ್ರಪಿಂಡ ಕೆಟ್ಟ ಮೇಲೆ ನನ್ನ ಗಂಡ ರೈನೊ ಬಿಟ್ಟದ್ದು ಒಂದೆರಡಲ್ಲ. ಉಪ್ಪು ಬಿಟ್ಟ, ಹಾಲು ಬಿಟ್ಟ, ಆಲೂಗಡ್ಡೆ ಬಿಟ್ಟ, ದಿನವಿಡೀ ಹೀರುತ್ತಿದ್ದ ಕಾಫಿಯನ್ನು ಪುಟ್ಟ ಲೋಟಕ್ಕೆ ಇಳಿಸಿದ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಕುರ್ಚಿಯಲ್ಲಿ ತೆಪ್ಪಗೆ ಕೂತು ಬರುತ್ತಿದ್ದ. ಇದಕ್ಕೆಲ್ಲ ನಾನು ಹೊಂದಿಕೊಂಡೆ. ಆದರೆ ಶುಕ್ರವಾರದ ಮೀನೂಟಕ್ಕೆ ಹೋಗುವುದನ್ನೂ ಬಿಟ್ಟನಲ್ಲ, ಅದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಚಳಿಗಾಲದ ಶುಕ್ರವಾರ ಸಂಜೆ ಊರ ಹಾಲ್‌ಗೆ ಬಾರದವನು ಒಂದೋ ಹಾಸಿಗೆ ಹಿಡಿದಿರಬೇಕು, ಇಲ್ಲವೇ ಯಾರ ಜೊತೆಗೋ ಮಾತು ಬಿಟ್ಟಿರಬೇಕು. ಕರಿದ ಬಿಳಿಮೀನು, ಪಕ್ಕಕ್ಕೆ ಒಂದು ರಾಶಿ ಆಲೂ ಫ್ರೈಸ್, ಹಸಿ ಕೋಸು, ಅದರ ಮೇಲೆ ಗಸ್ ಟ್ರೆಂಬ್ಲೇಯ ಕೊಂಕು ಮಾತು. ಗಸ್ ಹಾಲ್‌ನ ಎಣ್ಣೆ ಬಾಣಲೆಯ ಒಡೆಯ. ರೈನೊ ಮತ್ತು ಅವನು ಒಂದೇ ಗಣಿಯಲ್ಲಿ ದುಡಿದವರು, ಒಂದೇ ಮೇಜಿನಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸುತ್ತ ಮುದುಕರಾದವರು.

ಕಾಯಿಲೆ ಬಂದ ಮೇಲೂ ರೈನೊ ಮನೆಯಿಂದ ಡಬ್ಬಿ ಕಟ್ಟಿಸಿಕೊಂಡು ಹೋಗಿ ನೋಡಿದ. ಜನ ಒಬ್ಬೊಬ್ಬರಾಗಿ ಬಂದು ಡಬ್ಬಿಯೊಳಗೆ ಇಣುಕಿದರು, ಲೊಚಗುಟ್ಟಿದರು, ಅವನ ಬೆನ್ನು ಸವರಿದರು. ಗಸ್ ಕೂಡ ಹೀಯಾಳಿಸುವುದನ್ನು ನಿಲ್ಲಿಸಿ ಮೆತ್ತಗೆ ಮಾತಾಡಿದ. ಮುಂದಿನ ಶುಕ್ರವಾರ ನಾನು ಬೂಟು ತಂದಿಟ್ಟರೆ ರೈನೊ ಕಾಲು ಮುಂದೆ ಚಾಚಲಿಲ್ಲ.

"ನೀ ಬೇಕಾದ್ರೆ ಹೋಗ್ಬಾ ಟೈಮಿ. ಆ ಗಸ್ ನನ್ನ ಬೈಯಲ್ಲ ಅಂದ್ಮೇಲೆ ಅಲ್ಲಿ ನಂಗೇನು ಕೆಲಸ?"

ನಾನೂ ಹೋಗಲಿಲ್ಲ. ಎರಡು ಚಳಿಗಾಲ ಹೀಗೇ ಕಳೆಯಿತು. ಇವನನ್ನು ಆ ಮೇಜಿಗೆ ಮತ್ತೆ ಕೂರಿಸದಿದ್ದರೆ ನನ್ನ ಹೆಸರು ಟೈಮಿ ಅಲ್ಲ ಎಂದುಕೊಂಡೆ. ಕೂರಿಸುವುದೆಂದರೆ ಡಬ್ಬಿಯ ಮುಂದಲ್ಲ, ಎಲ್ಲರ ಹಾಗೆ ಮೀನು ಮತ್ತು ಫ್ರೈಸ್ ತುಂಬಿದ ತಟ್ಟೆಯ ಮುಂದೆ.

ದಾರಿ ತೋರಿಸಿದ್ದು ಡಯಾಲಿಸಿಸ್ ಕೇಂದ್ರದಲ್ಲಿ ಪಥ್ಯ ಹೇಳುವ ಡೀನಾ. ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ಜಾಸ್ತಿ, ಇವನ ರಕ್ತದಲ್ಲಿ ಅದು ಏರಿದರೆ ಎದೆಬಡಿತಕ್ಕೇ ಅಪಾಯ. ಅದರ ಬದಲು ರುಟಬೇಗ ಬಳಸಿ ಎಂದಳು. ಹಳದಿ ತಿರುಳಿನ ಆ ದಪ್ಪ ಗೆಡ್ಡೆ ಫಿನ್ಲೆಂಡ್ ಮೂಲದ ನಮ್ಮಂಥವರ ಮನೆಗಳಲ್ಲಿ ನೆಲಮಾಳಿಗೆ ತುಂಬ ಇರುತ್ತದೆ. "ತೆಳ್ಳಗೆ ಕಡ್ಡಿ ಹೆಚ್ಚಿ, ದೊಡ್ಡ ಪಾತ್ರೇಲಿ ತುಂಬಾ ನೀರಿಟ್ಟು ಕುದಿಸಿ. ಪೊಟ್ಯಾಸಿಯಂ ನೀರಿಗಿಳಿಯತ್ತೆ. ನೀರು ಚೆಲ್ಲಿ, ಕಡ್ಡಿ ಓವನ್‌ಗೆ ಹಾಕಿ. ದಿನಕ್ಕೆ ಒಂದು ಹಿಡಿ, ಅಷ್ಟೇ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಮೊದಲ ತಟ್ಟೆ ಮುದ್ದೆಯಾಗಿ ಬಂತು. ಎರಡನೆಯದು ಹೊರಗೆ ಕರಿ, ಒಳಗೆ ಒದ್ದೆ. ಓವನ್ ಎರಡು ಸಲ ಉರಿಸಲು ಮನಸ್ಸು ಬಾರದೆ ಒಂದೇ ತಟ್ಟೆಗೆ ಎಲ್ಲವನ್ನೂ ತುರುಕುತ್ತಿದ್ದೆ, ಕಡ್ಡಿಗಳು ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತಿದ್ದವು. ಜಿಪುಣತನ ಬಿಟ್ಟೆ. ಕುದಿಸಿದ ಕಡ್ಡಿಗಳನ್ನು ಬಟ್ಟೆಯ ಮೇಲೆ ಹರವಿ ಒಂದು ತೊಟ್ಟು ತೇವ ಉಳಿಯದಂತೆ ಒತ್ತಿದೆ. ತಟ್ಟೆಯನ್ನು ಮೊದಲೇ ಓವನ್‌ನಲ್ಲಿ ಕಾಯಲಿಟ್ಟೆ. ಎಣ್ಣೆ ಸವರಿ, ಒಂದಕ್ಕೊಂದು ತಾಗದಂತೆ ಹಾಸಿ, ಓವನ್ನಿನ ಕಾವನ್ನು ಕೊನೆಯವರೆಗೂ ತಿರುಗಿಸಿದೆ. ತಟ್ಟೆಗೆ ಬಿದ್ದ ಕೂಡಲೇ ಕಡ್ಡಿಗಳು ಚುರ್ ಎಂದವು. ಹೊರಬಂದಾಗ ಅಂಚು ಕಂದಿ ಗರಿಗರಿಯಾಗಿದ್ದವು. ಉಪ್ಪಿನ ಜಾಗಕ್ಕೆ ಕರಿಮೆಣಸು, ಒಣಗಿದ ಸಬ್ಬಸಿಗೆ, ಮೇಲೆ ವಿನೆಗರ್ ಚಿಮುಕಿಸಿದೆ.

ರೈನೊ ಒಂದು ಕಡ್ಡಿ ಕಚ್ಚಿದ. ಇನ್ನೊಂದು ಕಚ್ಚಿದ. ಆಮೇಲೆ ಹಿಡಿಯಷ್ಟನ್ನೂ ಮುಗಿಸಿ ಬೆರಳು ನೆಕ್ಕಿದ. ನನ್ನ ಹೊಟ್ಟೆ ತಣ್ಣಗಾಯಿತು.

ನೀರು ಚೆಲ್ಲುವ ಕೆಲಸವನ್ನು ಲೆಂಪಿ ವಹಿಸಿಕೊಂಡಳು. ಲೆಂಪಿ ರೈನೊನ ಅಕ್ಕ, ರಸ್ತೆಯಾಚೆಯ ಮನೆಯಲ್ಲಿ ಒಬ್ಬಳೇ ಇರುವವಳು. ತಾಯಿ ಸತ್ತಾಗ ಇವನಿನ್ನೂ ಹಾಲುಹಲ್ಲಿನ ಮಗು, ಸಾಕಿದವಳು ಅವಳೇ. ಬ್ರೆಡ್ಡಿನ ಖಾಲಿ ಚೀಲವನ್ನೂ ಬಿಸಾಡದೆ ತೊಳೆದು ಒಣಗಿಸಿಡುವಂಥ ಹೆಂಗಸು. "ಆ ಪಾತ್ರೆ ಇಲ್ಲಿ ಕೊಡು, ನಿಂಗ್ಯಾಕೆ ಸೊಂಟ ನೋವು" ಎಂದು ನೀರಿನ ಸಮೇತ ಹೊತ್ತುಕೊಂಡು ಹೋಗುವಳು, ಬೆಳಿಗ್ಗೆ ಥಳಥಳ ಬೆಳಗಿ ತರುವಳು. ಜೊತೆಗೆ ತಮ್ಮನಿಗೆಂದು ಪುಟ್ಟ ಬಟ್ಟಲಲ್ಲಿ ಮೀನಿನ ಸಾರು. ಅದರಲ್ಲಿ ಆಲೂಗಡ್ಡೆಯಿಲ್ಲ, ಹಾಲಿಲ್ಲ, ಉಪ್ಪಿಲ್ಲ ಎಂದು ದಿನವೂ ಆಣೆ ಮಾಡಿ ಹೇಳುವಳು.

ನಾನು ಹಾಲ್‌ಗೆ ಹೋಗಿ, ಶುಕ್ರವಾರ ರುಟಬೇಗ ಫ್ರೈಸ್ ಮಾಡಲು ಅಡುಗೆಮನೆಯ ಓವನ್ ನನಗೆ ಬೇಕು ಎಂದು ಗಸ್‌ಗೆ ಹೇಳಿದೆ.

"ರುಟಬೇಗಾನಾ? ಓವನ್ನಲ್ಲಾ?" ಗಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದನ್ನ ನಮ್ಮಜ್ಜ ಹಂದಿಗೆ ಹಾಕ್ತಿದ್ದ ಕಣಮ್ಮ!"

"ಅದಕ್ಕೇ ನಿಂಗೂ ಒಂದು ತಟ್ಟೆ ತೆಗೆದಿಟ್ಟಿರ್ತೀನಿ" ಎಂದೆ.

ಮನೆಗೆ ಬಂದು ಇದನ್ನು ಹೇಳಿದಾಗ ರೈನೊ ಬಹಳ ದಿನಗಳ ಮೇಲೆ ಹಲ್ಲು ಕಾಣುವಂತೆ ನಕ್ಕ. ಬರುತ್ತೇನೆ ಎಂದೂ ಒಪ್ಪಿದ.

ಅದೇ ವಾರ ಡೀನಾ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದಳು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕೆಟ್ಟದಾಗಿ ಏರಿತ್ತು. ಹೊಸದಾಗಿ ಏನು ತಿಂದಿರಿ ಎಂದು ಕೇಳಿದಳು. ಫ್ರೈಸ್ ಎಂದ ರೈನೊ. ಹಾಗಿದ್ದರೆ ಸದ್ಯಕ್ಕೆ ಫ್ರೈಸ್ ಬಂದ್ ಎಂದಳು ಡೀನಾ.

ಕಾರಿನಲ್ಲಿ ರೈನೊ ಕಿಟಕಿಯ ಕಡೆ ಮುಖ ಮಾಡಿ ಕೂತ. "ಬಿಟ್ಬಿಡು ಟೈಮಿ. ಗಸ್‌ಗೆ ಬರಲ್ಲ ಅಂತ ಹೇಳ್ಬಿಡು. ಇನ್ಮೇಲೆ ಈ ವಿಷ್ಯ ಎತ್ಬೇಡ." ಅವನ ದನಿಯಲ್ಲಿ ಸಿಟ್ಟಿದ್ದರೆ ನಾನು ತಿರುಗಿ ಜಗಳಕ್ಕಿಳಿಯುತ್ತಿದ್ದೆ. ಸಿಟ್ಟಿರಲಿಲ್ಲ. ಅದಕ್ಕೇ ಹೆದರಿದೆ.

ನಾನು ಸುಮ್ಮನಿರುವ ಜಾತಿಯಲ್ಲ. ಡೀನಾಗೆ ಫೋನ್ ಮಾಡಿ ಕಿರುಚಾಡಿದೆ. ಆ ಹುಡುಗಿ ಬೇಸರಿಸದೆ ಕೇಳಿಸಿಕೊಂಡು, "ಸರಿ, ಬೆಳಿಗ್ಗೆಯಿಂದ ರಾತ್ರಿ ತನಕ ಅವರ ಬಾಯಿಗೆ ಹೋಗೋದೆಲ್ಲ ಹೇಳಿ" ಎಂದಳು. ಹೇಳಿದೆ. ಸಾರಿನ ಹತ್ತಿರ ಅವಳು ತಡೆದಳು. "ಆ ಸಾರಿಗೆ ಅವರು ಏನು ಹಾಕ್ತಾರೆ? ನೀವು ಕಣ್ಣಾರೆ ನೋಡಿದೀರಾ?"

ನೋಡಿರಲಿಲ್ಲ. ಹಿಮದ ಬೂಟು ಮೆಟ್ಟಿಕೊಂಡು ರಸ್ತೆ ದಾಟಿದೆ. ಲೆಂಪಿಯ ಒಲೆಯ ಮೇಲೆ ಹಳದಿ ನೀರು ತಕತಕ ಕುದಿಯುತ್ತಿತ್ತು, ಅವಳು ಸೌಟಿನಲ್ಲಿ ರುಚಿ ನೋಡುತ್ತಿದ್ದಳು. ಪಕ್ಕದ ಸೀಸೆಗಳಲ್ಲಿ ಹಿಂದಿನ ದಿನಗಳ ಹಳದಿ ನೀರು. ಎಲ್ಲವೂ ನನ್ನ ಪಾತ್ರೆಯದೇ.

"ಅಕ್ಕಾ! ಇದನ್ನ ಚೆಲ್ಲು ಅಂತ ಅಲ್ವಾ ನಿಂಗೆ ಕೊಟ್ಟಿದ್ದು?"

"ಚೆಲ್ಲೋದಾ?" ಲೆಂಪಿ ಕಣ್ಣರಳಿಸಿದಳು. "ಸತ್ವ ಎಲ್ಲ ನೀರಿಗೆ ಇಳಿಯತ್ತೆ ಅಂತ ಆ ಹುಡುಗಿ ಹೇಳಿದ್ದನ್ನ ನೀನೇ ಬಂದು ನಂಗೆ ಹೇಳ್ದೆ. ಮತ್ತೆ ಯಾವ ತಲೆ ಕೆಟ್ಟೋಳು ಅದನ್ನ ಚೆಲ್ತಾಳೆ? ಅವ್ನಿಗೆ ಜಾಸ್ತಿ ನೀರು ಕೊಡೋ ಹಾಗಿಲ್ಲ, ಅದಕ್ಕೆ ಚೆನ್ನಾಗಿ ಬತ್ತಿಸ್ತೀನಿ. ಚಿಕ್ಕ ಬಟ್ಟಲಲ್ಲೇ ಪೂರ್ತಿ ಸತ್ವ!"

"ಸತ್ವ ಅಲ್ಲ ಅದು! ಯಾವುದು ಅವನ ಎದೆ ನಿಲ್ಲಿಸತ್ತೋ ಅದನ್ನ ನಾನು ತೆಗೀತಿದೀನಿ, ನೀನು ಗಟ್ಟಿ ಮಾಡಿ ಅವ್ನಿಗೇ ಕುಡಿಸ್ತಿದೀಯಾ!"

ಮೈಯೆಲ್ಲ ಉರಿಯುತ್ತಿತ್ತು, ಇನ್ನೂ ಏನೇನೋ ಅನ್ನುವವಳಿದ್ದೆ. ಆದರೆ ಲೆಂಪಿ ಸೌಟು ಕೆಳಗಿಟ್ಟು ಒಲೆ ಆರಿಸಿದಳು. ಕುರ್ಚಿ ಎಳೆದುಕೊಂಡು ಕೂತಳು.

"ಅಮ್ಮ ಹೋದ ಚಳಿಗಾಲ ಮನೇಲಿ ಬೇರೇನೂ ಇರ್ಲಿಲ್ಲ ಟೈಮಿ. ಗೆಡ್ಡೆ ಅಪ್ಪನಿಗೆ, ಬೇಯಿಸಿದ ನೀರು ಮಗೂಗೆ. ಅದನ್ನೇ ಕುಡಿಸಿ ಉಳಿಸ್ಕೊಂಡೆ ಅವ್ನ."

ಸಿಟ್ಟು ಎಲ್ಲಿ ಹೋಯಿತೋ. ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ, ಇಬ್ಬರೂ ಅತ್ತೆವು. ಆಮೇಲೆ ಲೆಂಪಿ ಎದ್ದು ಮೂಗು ಒರೆಸಿಕೊಂಡು, ಸೀಸೆಗಳನ್ನೂ ಪಾತ್ರೆಯನ್ನೂ ಹಿತ್ತಿಲಿಗೆ ಹೊತ್ತು, ಕೊನೆಯ ಹನಿಯವರೆಗೆ ಹಿಮಕ್ಕೆ ಸುರಿದಳು.

ಸಾರು ನಿಂತಿತು. ರೈನೊನ ಪೊಟ್ಯಾಸಿಯಂ ಇಳಿಯಿತು. ಇನ್ನು ಫ್ರೈಸ್ ತಿಂದು ನೋಡೋಣ ಎಂದು ಡೀನಾ ಅಪ್ಪಣೆ ಕೊಟ್ಟಳು. ದಿನಕ್ಕೊಂದು ಹಿಡಿ ತಿಂದೂ ಅದು ಮೇಲೇರಲಿಲ್ಲ. ಫಲಿತಾಂಶ ಬಂದ ದಿನ ಡೀನಾ ನನ್ನನ್ನು ತಬ್ಬಿಕೊಂಡಳು. "ನಿಮ್ಮ ಫ್ರೈಸ್‌ದೇನೂ ತಪ್ಪಿಲ್ಲ" ಎಂದಳು. ಇಡೀ ಕೇಂದ್ರಕ್ಕೆ ಕೇಳುವಂತೆ ನಾನು "ನಾನು ಹೇಳ್ಲಿಲ್ವಾ!" ಎಂದು ಕೂಗಿದೆ.

ಫಲಿತಾಂಶ ಬಂದ ವಾರದ ಶುಕ್ರವಾರ ಮಧ್ಯಾಹ್ನವೇ ನಾನು, ಲೆಂಪಿ ಹಾಲ್‌ನ ಅಡುಗೆಮನೆ ಹೊಕ್ಕೆವು. ರೈನೊ ಒಬ್ಬನಿಗೇ ಒಂದು ಹಿಡಿ ಮಾಡಿ ಅವನನ್ನು ಮತ್ತೆ ರೋಗಿಯಾಗಿಸುವುದು ನನಗೆ ಬೇಕಿರಲಿಲ್ಲ. ಇಡೀ ಊರಿಗೆ ಮಾಡುವಷ್ಟು ಗೆಡ್ಡೆ ಹೊತ್ತುಕೊಂಡು ಹೋಗಿದ್ದೆ. ಲೆಂಪಿ ತೊಟ್ಟಿಯ ಪಕ್ಕ ಕಾವಲು ನಿಂತಳು. ಬಡಿಸುವ ಹೆಂಗಸೊಬ್ಬಳು ಹಳದಿ ನೀರು ಕಂಡು, "ಸಾರಿಗಾಗತ್ತೆ, ಎತ್ತಿಡ್ಲಾ?" ಎಂದದ್ದೇ ತಡ, ಲೆಂಪಿ ಹಾರಿಬಿದ್ದಳು. "ಮುಟ್ಟಿದ್ರೆ ಕೈ ಮುರೀತೀನಿ! ಚೆಲ್ಲು ಅಂದ್ರೆ ಚೆಲ್ಲು!"

ಸಂಜೆ ರೈನೊ ಬಂದ. ಬಾಗಿಲಲ್ಲಿ ಒಂದು ಕ್ಷಣ ನಿಂತ, ಆಮೇಲೆ ಸೀದಾ ತನ್ನ ಹಳೆಯ ಮೇಜಿಗೆ ಹೋಗಿ ಗಸ್‌ನ ಎದುರು ಕೂತ. ಉಪ್ಪಿಲ್ಲದೆ ಸುಟ್ಟ ಮೀನಿನ ತುಂಡು, ಪಕ್ಕದಲ್ಲಿ ಬಿಸಿಬಿಸಿ ಒಂದು ಹಿಡಿ ಕಡ್ಡಿ ಇಟ್ಟ ತಟ್ಟೆಯನ್ನು ನಾನೇ ತಂದು ಅವನ ಮುಂದಿಟ್ಟೆ. ನೋಡುವವರಿಗೆ ಅದು ಎಲ್ಲರ ತಟ್ಟೆಯ ಹಾಗೇ ಇತ್ತು.

ಗಸ್ ಮೂಗು ಮುರಿದ. ಕೇಳದೆ ಕೈ ಹಾಕಿ ಒಂದು ಕಡ್ಡಿ ಎತ್ತಿ ಬಾಯಿಗೆಸೆದುಕೊಂಡ. ಕರುಂ ಎಂದ ಸದ್ದು ನನಗೂ ಕೇಳಿಸಿತು. ಅಗಿಯುತ್ತ ಅಗಿಯುತ್ತ ಅವನ ಹುಬ್ಬು ಮೇಲೇರಿತು. ಎರಡನೆಯದು ತೆಗೆದ. ಮೂರನೆಯದಕ್ಕೆ ಕೈ ಚಾಚಿದಾಗ ರೈನೊ ಫೋರ್ಕಿನಿಂದ ಅವನ ಬೆರಳಿಗೆ ಪಟ್ಟನೆ ಬಾರಿಸಿದ.

"ಲೋ ಕಳ್ಳ! ನಂಗೆ ದಿನಕ್ಕೆ ಇರೋದೇ ಒಂದು ಹಿಡಿ, ಅದ್ರಲ್ಲಿ ನೀನು ಪಾಲಿಗೆ ಬರ್ತೀಯಾ? ಹೋಗು, ಸಾಲಲ್ಲಿ ನಿಂತ್ಕೋ!"

"ಎರಡು ವರ್ಷ ಮುಖ ತೋರಿಸ್ಲಿಲ್ಲ, ಬಂದ್‌ಬಂದಂಗೇ ಹೊಡೀತೀಯಲ್ಲೋ ಮುದಿಗೂಬೆ!" ಗಸ್ ಬೆರಳು ಉಜ್ಜಿಕೊಂಡ. "ನಿನ್ ಹೆಂಡ್ತಿ ಒಬ್ಬಳು ಕೈ ಹಿಡಿದಿಲ್ಲ ಅಂದಿದ್ರೆ ನಿನ್ನ ನಾಯೀನೂ ಮೂಸ್ತಿರ್ಲಿಲ್ಲ."

ಕಾಯಿಲೆಯವನಿಗೆ ಹೀಗನ್ನಬಹುದೇ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ರೈನೊ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಗಸ್ ಎದ್ದು, ತನ್ನದೇ ಬಾಣಲೆಯ ಮುಂದೆ ಹಾದು, ನನ್ನ ಓವನ್ನಿನ ಸಾಲಿನ ಕೊನೆಗೆ ಹೋಗಿ ತಟ್ಟೆ ಹಿಡಿದು ನಿಂತ. ಇಬ್ಬರೂ ಸಾಲಿನಿಂದ ಮೇಜಿಗೆ, ಮೇಜಿನಿಂದ ಸಾಲಿಗೆ ಬೈದಾಡುತ್ತಲೇ ಇದ್ದರು. ನಾನು ಏಪ್ರನ್ನಿನಿಂದ ಮುಖ ಒರೆಸಿಕೊಂಡು ಇನ್ನೊಂದು ತಟ್ಟೆ ಓವನ್‌ಗೆ ತಳ್ಳಿದೆ.