ಗೀಡಲ್ ಅಂದರೇನು?

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ಚಡಪಡಿ ಎಂದು. ಕೂತರೆ ಕಾಲು ಕುಣಿಸುತ್ತಾಳೆ, ನಿಂತರೆ ಉಗುರು ಕಚ್ಚುತ್ತಾಳೆ. ಈ ತಿಂಗಳಂತೂ ಕೇಳುವುದೇ ಬೇಡ. ಕೆಲಸ, ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಅಲ್ಲಿ ಇಂಗ್ಲಿಷ್ ಗೊಣಗಿಕೊಂಡು ಮೇಣದ ಮೇಲೆ ಹಲ್ಲು ಜೋಡಿಸುತ್ತ, ಯಾರದೋ ಮೇಲ್ದವಡೆಗೆ ಎರಡೂ ಕಡೆ ಎಡದ ಕೋರೆಹಲ್ಲನ್ನೇ ಕೂರಿಸಿ ಯಜಮಾನರಿಂದ ಮಂಗಳಾರತಿ ಮಾಡಿಸಿಕೊಂಡಿದ್ದಳು.

ಕಾರಣ ಇಷ್ಟೇ. ಹೊರದೇಶದ ವಿಶ್ವವಿದ್ಯಾಲಯವೊಂದು ಸೀಟು ಕೊಡುತ್ತೇನೆ ಎಂದಿತ್ತು, ಆದರೆ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಒಂಬತ್ತಕ್ಕೆ ಆರೂವರೆಯಾದರೂ ಬರಲೇಬೇಕು. ಎರಡು ಸಲ ಹೋಗಿ ಬಂದಿದ್ದಳು, ಎರಡು ಸಲವೂ ಆರು. ಓದು, ಬರಹ ಎಲ್ಲ ಏಳರ ಮೇಲೆ, ಬಾಯಿ ಬಿಟ್ಟರೆ ಮಾತ್ರ ಆರು! ಸೀಟಿನ ಗಡುವಿಗೆ ಮುಂಚೆ ಉಳಿದಿದ್ದುದು ಇನ್ನೊಂದೇ ಪರೀಕ್ಷೆ.

ಕೋಚಿಂಗ್ ಮೇಷ್ಟ್ರು ಧೈರ್ಯ ಹೇಳಿದ್ದರು. "ನೀನು ಯೋಚನೆ ಮಾಡ್ತೀಯಲ್ಲ, ಅದೇ ತಪ್ಪು ಕಣಮ್ಮ. ಉರು ಹೊಡಿ. ಯಾರ ಬಗ್ಗೆ ಕೇಳಿದ್ರೂ ತಾತನ್ನ ತಂದು ನಿಲ್ಸು. ತಾತ ಎಲ್ಲದಕ್ಕೂ ಒಗ್ಗ್ತಾರೆ."

ಹಾಗೆಂದು ಒಬ್ಬ ರೆಡಿಮೇಡ್ ತಾತನನ್ನು ಟೈಪ್ ಮಾಡಿಸಿ ಕೈಗಿತ್ತರು. ನಸುಕಿನಲ್ಲೇ ಏಳುವ, ಬಡವರಿಗೆ ನೆರವಾಗುವ, ಪುಸ್ತಕವೆಂದರೆ ಪ್ರಾಣ ಬಿಡುವ ತಾತ. ಅವಳ ಸ್ವಂತ ತಾತ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅಪ್ಪ ಅಮ್ಮ ಕೂಡ ಬೇಗ ಹೋದರು. ಉಳಿದವಳು ಅಕ್ಕ ಒಬ್ಬಳೇ.

ಅಕ್ಕ ಟೈಲರ್. ತಂಗಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಇಂಗ್ಲಿಷಿನ ಗಂಧಗಾಳಿ ಇಲ್ಲದಿದ್ದರೂ, ಹೊಲಿಗೆ ಮಷಿನ್ ನಿಲ್ಲಿಸಿ ದಿನವೂ ತಾತನ ಕಥೆ ಒಪ್ಪಿಸಿಕೊಳ್ಳುತ್ತಿದ್ದಳು. "ಅರ್ಥ ಆಗಲ್ಲ, ಆದ್ರೆ ತಡವರಿಸಿದ್ದು ಗೊತ್ತಾಗತ್ತೆ. ಇನ್ನೊಂದ್ಸಲ ಹೇಳೇ."

ಪರೀಕ್ಷೆಯ ದಿನ ಚಡಪಡಿ ಮೂರು ಸಲ ನೀರು ಕುಡಿದಳು, ನಾಲ್ಕು ಸಲ ಬಾತ್‌ರೂಮಿಗೆ ಹೋದಳು. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಒಬ್ಬ ಪರೀಕ್ಷಕಿ, ಒಂದು ಮೇಜು, ದನಿ ಹಿಡಿದಿಡುವ ಪುಟ್ಟ ಯಂತ್ರ. ಕೊಟ್ಟ ಚೀಟಿಯಲ್ಲಿ 'ನಿಮಗೆ ಏನಾದರೂ ಕಲಿಸಿದ ಒಬ್ಬರ ಬಗ್ಗೆ ಹೇಳಿ' ಎಂದಿತ್ತು. ಸ್ವರ್ಗಕ್ಕೆ ಮೂರೇ ಗೇಣು! ತಾತನನ್ನು ಬಿಟ್ಟಳು ನೋಡಿ, ನಿಲ್ಲಿಸದೆ ಒಂದೇ ಉಸಿರಿಗೆ. ಮುಗಿಯುವಷ್ಟರಲ್ಲಿ ಪರೀಕ್ಷಕಿಯ ಮುಖ ಬಾಡಿತ್ತು. ಪಾಪ, ಬೆಳಗಿನಿಂದ ಆಕೆಗೆ ಇದು ನಾಲ್ಕನೆಯ ತಾತ.

"ನೀವು ತಪ್ಪು ಮಾಡಿದಾಗ ಅವರು ಏನು ಮಾಡುತ್ತಿದ್ದರು?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದಳು.

ಇದು ಮೇಷ್ಟ್ರ ಹಾಳೆಯಲ್ಲಿ ಇರಲಿಲ್ಲ. ಚಡಪಡಿಯ ಬಾಯಿಂದ ಬಿದ್ದದ್ದು ನಿಜ.

"ತಾತ ಇಲ್ಲ ಮೇಡಂ. ಕಲಿಸಿದ್ದು ನನ್ನ ಅಕ್ಕ. ತಪ್ಪು ಹೊಲಿದರೆ ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ತಾನೇ ಹೊಲಿಗೆ ಬಿಚ್ಚುತ್ತಿದ್ದಳು. ನಮ್ಮ ಮನೆ ತುಂಬ ನೀಡಲ್-ಗೀಡಲ್..."

"ಗೀಡಲ್? ಗೀಡಲ್ ಅಂದರೇನು?"

ಮತ್ತೆ ಆರು! ಇನ್ನೇನು, ಮುಳುಗಿದ್ದಾಯಿತು ಎಂದು ವಿವರಿಸತೊಡಗಿದಳು. ಸೂಜಿ ಎಂದೂ ಒಂಟಿಯಾಗಿರುವುದಿಲ್ಲ, ಜೊತೆಗೆ ದಾರ, ಗುಂಡಿ, ಸೀಮೆಸುಣ್ಣ, ಸಣ್ಣ ಕತ್ತರಿ ಇರುತ್ತವೆ. ಎಲ್ಲದರ ಹೆಸರು ಹೇಳುತ್ತ ಕೂರಲು ಯಾರಿಗೆ ಪುರುಸೊತ್ತು? ನಮ್ಮ ಭಾಷೆಯಲ್ಲಿ ಮೊದಲಕ್ಷರ ತೆಗೆದು 'ಗೀ' ಹಾಕಿದರೆ ಸಾಕು, ಆ ಜಾತಿಯದೆಲ್ಲ ಒಳಗೆ ಬಂದುಬಿಡುತ್ತದೆ.

ಪರೀಕ್ಷಕಿ ಮುಂದಕ್ಕೆ ಬಾಗಿದಳು. "ಹಾಗಾದರೆ ಟೀಚರ್?"

"ಟೀಚರ್-ಗೀಚರ್."

"ಸಿಸ್ಟರ್?"

ಚಡಪಡಿಯ ಕಾಲು ಕುಣಿಯುವುದು ನಿಂತಿತು. "ನನ್ನ ಅಕ್ಕನ ಬಗ್ಗೆ ಹಾಗೆ ಹೇಳಲು ಆಗುವುದಿಲ್ಲ ಮೇಡಂ. ಆ ಜಾತಿಯದು ಇನ್ನೊಂದಿಲ್ಲ. ನನ್ನನ್ನು ಓದಿಸಬೇಕು ಅಂತ ತನಗೆ ಬಂದ ಸಂಬಂಧವನ್ನೇ ಬೇಡ ಅಂದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ನನಗೆ ಗೊತ್ತು ಅನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಈ ಪರೀಕ್ಷೆ ಪಾಸಾಗಬೇಕು. ಆದರೆ ಪಾಸಾದರೆ ಅವಳನ್ನು ಬಿಟ್ಟು ಹೋಗಬೇಕಲ್ಲ, ಅದಕ್ಕೇ ಭಯ."

ಒಂದು ಕಡೆಯೂ ತಡವರಿಸಲಿಲ್ಲ. ಸಮಯ ಮುಗಿದಿತ್ತು. ಪರೀಕ್ಷಕಿ ಯಂತ್ರ ಆರಿಸುವುದನ್ನೇ ಮರೆತಿದ್ದಳು.

ಐದು ದಿನ ಚಡಪಡಿ ಊಟವನ್ನೂ ನೆಟ್ಟಗೆ ಮಾಡಲಿಲ್ಲ. ಆರನೆಯ ದಿನ ಫಲಿತಾಂಶ ಬಂತು. ಮಾತಿಗೆ ಏಳು.

ಅಕ್ಕ ಹೊಲಿಯುತ್ತಿದ್ದ ಬಟ್ಟೆ ಬಿಸಾಕಿ ಎದ್ದು ಬಂದಳು. "ಸೀಟು ಸಿಕ್ತಲ್ಲೇ! ಸದ್ಯ! ಅಲ್ಲ ಕಣೇ, ಏನು ಕೇಳಿದ್ರು?"

"ನಿನ್ನ ಬಗ್ಗೆ ಹೇಳ್ದೆ ಅಕ್ಕ."

"ನನ್ನ ಬಗ್ಗೆನಾ? ನನ್ನ ಬಗ್ಗೆ ಹೇಳೋಕೆ ಏನೇ ಇದೆ? ಕನ್ನಡದಲ್ಲಿ ಹೇಳು, ನಾನೂ ಕೇಳ್ತೀನಿ."

ಚಡಪಡಿ ಬಾಯಿ ತೆರೆದಳು. ಗುರುತು ಪರಿಚಯವಿಲ್ಲದ ಹೆಂಗಸಿಗೆ ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದ್ದ ಒಂದೊಂದು ಮಾತೂ ಈಗ ಕನ್ನಡದಲ್ಲಿ ಹೊರಡಲಿಲ್ಲ. ಅಕ್ಕ ಕಣ್ಣರಳಿಸಿಕೊಂಡು ಕಾಯುತ್ತಿದ್ದಳು.

"ಒಳ್ಳೆಯವಳು ಅಂತ ಹೇಳ್ದೆ."

"ಅಯ್ಯೋ ಇವಳಾ! ಅಷ್ಟಕ್ಕೇ ಏಳು ಕೊಟ್ಟುಬಿಟ್ರಾ?" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ತಂಗಿ ಯಾಕೆ ಅಳುತ್ತಿದ್ದಾಳೆ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.